ಆಚೆ ದಡದ ನಗಾರಿ

"ಗುರುಗಳೇ, ನಾವು ಹಚ್ಚಿದ ದೀಪ ಸತ್ತವರಿಗೆ ಕಾಣುತ್ತದೆಯೇ?" ಎಂದು ಶಿಷ್ಯನೊಬ್ಬ ಕೇಳಿದ.

ಹಿಂದಿನ ವಾರ ದೂರದ ದೇಶವೊಂದರಲ್ಲಿ ಉಗ್ರರು ಸಂತೆಯ ನಡುವೆ ಬಾಂಬು ಸಿಡಿಸಿದ್ದರು. ನೂರಾರು ಜನ ಸತ್ತಿದ್ದರು. ಮರುದಿನವೇ ಬೇರೆ ಬೇರೆ ದೇಶಗಳ ದೊಡ್ಡ ಕಟ್ಟಡಗಳ ಮೇಲೆ ಆ ದೇಶದ ಬಾವುಟದ ಬಣ್ಣದ ದೀಪಗಳು ಹೊತ್ತಿಕೊಂಡವು. ಮಠದ ವಿದ್ಯಾರ್ಥಿಗಳೂ ಅಂಗಳದಲ್ಲಿ ದೀಪವಿಟ್ಟು, ಆ ದೇಶದ ರಾಷ್ಟ್ರಗೀತೆಯನ್ನು ಹೇಗೋ ಕಲಿತು ಹಾಡಿದರು. ಈ ಶಿಷ್ಯನೊಬ್ಬ ಮಾತ್ರ ಕೈಕಟ್ಟಿಕೊಂಡು ಕಂಬಕ್ಕೊರಗಿ ನೋಡುತ್ತಿದ್ದ.

"ಸತ್ತವರು ಎದ್ದು ಬರಲಿಲ್ಲ. ಗಾಯಗೊಂಡವರಿಗೆ ಔಷಧ ಸಿಗಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದವರ ಜುಟ್ಟಿಗೆ ಮಲ್ಲಿಗೆ ಮುಡಿಸಿದ ಹಾಗಾಯಿತು. ಸಾಲದ್ದಕ್ಕೆ ನಮ್ಮವರು ಆ ಹಾಡನ್ನು ಸಾಲಿಗೊಂದು ತಪ್ಪು ಮಾಡಿ ಹಾಡಿದರು. ಇದರಿಂದ ಯಾರಿಗೆ ಏನು ಬಂತು?" ಎಂದ ಅವನು.

ಗುರುಗಳು ಅವನನ್ನು ಕೂರಲು ಹೇಳಿ, ಒಂದು ಕತೆ ಹೇಳಿದರು.

ಒಂದು ಹೊಳೆ. ಅದರ ಈ ದಡದಲ್ಲಿ ಮೂಡಲಕೋಟೆ, ಆ ದಡದಲ್ಲಿ ಪಡುವಣಕೋಟೆ. ಎರಡಕ್ಕೂ ಬೇರೆ ಬೇರೆ ಅರಸರು. ಎರಡೂ ಊರಿಗೆ ಎಣ್ಣೆ ಸೀಗೆಕಾಯಿ ಸಂಬಂಧ. ನಗಾರಿಯ ಸದ್ದು ದಾಟುವಷ್ಟು, ಮನುಷ್ಯರ ಕೂಗು ದಾಟದಷ್ಟು ಅಗಲ ಆ ಹೊಳೆಗೆ.

ಎರಡೂ ಊರಿನ ಹೆಬ್ಬಾಗಿಲ ಮೇಲೆ ಒಂದೊಂದು ನಗಾರಿ ಇತ್ತು. ಬೆಳಗಾದರೆ ನಗಾರಿ ಮೊಳಗಬೇಕು, ಆಮೇಲೆ ಬಾಗಿಲು ತೆರೆಯಬೇಕು. ನಗಾರಿ ಮೊಳಗದೆ ಬಾಗಿಲು ತೆರೆದರೆ ಕಾವಲುಗಾರನ ತಲೆ ಹೋಗುತ್ತಿತ್ತು. ಮೂಡಲಕೋಟೆಯ ಬಡಿತವೇ ಬೇರೆ, ಪಡುವಣಕೋಟೆಯ ಬಡಿತವೇ ಬೇರೆ. ಒಂದು ಊರಿನ ನಗಾರಿಯ ಮೇಲೆ ಇನ್ನೊಂದು ಊರಿನ ಬಡಿತ ಕೇಳಿಸಿದರೆ ಅದಕ್ಕೆ ಒಂದೇ ಅರ್ಥ. ಆ ಊರು ಸೋತಿದೆ, ಶರಣಾಗಿದೆ.

ಮೂಡಲಕೋಟೆಯಲ್ಲಿ ಒಬ್ಬ ನಗಾರಿಯವನಿದ್ದ. ಅವನ ಮುತ್ತಜ್ಜನ ಕಾಲದಲ್ಲಿ ಒಮ್ಮೆ ಮೂಡಲಕೋಟೆ ಸೋತಿತ್ತು. ಗೆದ್ದ ಪಡುವಣಕೋಟೆಯ ಅರಸ ಆ ಮುತ್ತಜ್ಜನನ್ನು ಹೆಬ್ಬಾಗಿಲ ಮೇಲೆ ನಿಲ್ಲಿಸಿ, "ನಮ್ಮ ಬಡಿತ ಬಾರಿಸು" ಎಂದು ಅಪ್ಪಣೆ ಮಾಡಿದ. ಮುತ್ತಜ್ಜ ಕೋಲುಗಳನ್ನು ಹೊಳೆಗೆ ಎಸೆದು ಬಲಗೈಯನ್ನು ಕತ್ತಿಗೆ ಚಾಚಿದ. ಕೈ ಹೋಯಿತು, ಬಡಿತ ಉಳಿಯಿತು. ಅಂದಿನಿಂದ ಆ ಮನೆತನದವರು ತಲೆಯೆತ್ತಿಯೇ ನಡೆಯುತ್ತಿದ್ದರು. ಈ ನಗಾರಿಯವನಂತೂ ಇನ್ನೊಂದು ಅಂಗುಲ ಹೆಚ್ಚಾಗಿಯೇ ಎತ್ತುತ್ತಿದ್ದ.

ನಲವತ್ತು ವರ್ಷ ಅವನು ಬಾರಿಸಿದ. ಅವನ ಬಡಿತ ಮುಗಿಯುತ್ತಿದ್ದಂತೆ ಆಚೆ ದಡದಿಂದ ಪಡುವಣಕೋಟೆಯ ಬಡಿತ ಕೇಳುತ್ತಿತ್ತು. ಅದನ್ನು ಬಾರಿಸುವವನ ಮುಖ ಇವನು ಕಂಡಿರಲಿಲ್ಲ. ಕಾಣದಿದ್ದರೂ ದಿನಾ ಬೈಯುತ್ತಿದ್ದ. "ನೋಡು, ಸೋಮಾರಿ ಈಗ ಎದ್ದ" ಎನ್ನುತ್ತಿದ್ದ. ಬೈದು ಮುಗಿಸಿದ ಮೇಲೆಯೇ ಅವನಿಗೆ ಗಂಜಿ ರುಚಿಸುತ್ತಿದ್ದದ್ದು.

ಒಂದು ಬೆಳಿಗ್ಗೆ ಪಡುವಣಕೋಟೆಯ ನಗಾರಿ ಮೊಳಗಿ ಬಾಗಿಲು ತೆರೆಯಿತು. ಸಂತೆಯ ವ್ಯಾಪಾರಿಗಳ ಜೊತೆ ಎರಡೂ ಊರಿಗೆ ಸೇರದ ಕೆಲವರು ಒಳಗೆ ಬಂದರು. ಅವರ ಮೂಟೆಗಳಲ್ಲಿ ಕತ್ತಿಗಳಿದ್ದವು. ಮೊದಲು ಹೆಬ್ಬಾಗಿಲ ಮೇಲೆ ಹತ್ತಿ ಅಲ್ಲಿಯ ನಗಾರಿಯವನನ್ನು ಕೊಂದರು. ಆಮೇಲೆ ಸಂತೆಗೆ ನುಗ್ಗಿ ಸಿಕ್ಕಸಿಕ್ಕವರನ್ನು ಕೊಂದರು. ಒಂದು ಕಾಳನ್ನೂ ದೋಚಲಿಲ್ಲ. "ಇನ್ನು ನಗಾರಿ ಬಾರಿಸಿ ನೋಡಿ, ಬಾಗಿಲು ತೆರೆದು ನೋಡಿ" ಎಂದು ಕೂಗಿ ಹೇಳಿ ಹೋದರು. ಅವರು ಬಂದದ್ದು ದೋಚುವುದಕ್ಕಲ್ಲ, ಹೆದರಿಸುವುದಕ್ಕೆ.

ಊರು ಹೆದರಿತು. ಮರುದಿನ ನಗಾರಿ ಹತ್ತಿರ ಹೋಗಲು ಯಾರಿಗೂ ಕಾಲು ಬರಲಿಲ್ಲ. ಬಾಗಿಲು ತೆರೆಯಲಿಲ್ಲ. ಮೂರನೆಯ ದಿನವೂ ತೆರೆಯಲಿಲ್ಲ. ಗಾಯಗೊಂಡವರು ಒಳಗೆ, ಬೇರು ನಾರು ಸಿಗುವ ಕಾಡು ಹೊರಗೆ. ಮಕ್ಕಳು ಒಳಗೆ, ಹಾಲು ಕೊಡುವ ದನ ಹೊರಗೆ.

ಮೂಡಲಕೋಟೆಯ ಅರಸ ಹಳೆಯ ಹಗೆ ಬದಿಗಿಟ್ಟು ದೋಣಿಯಲ್ಲಿ ಅಕ್ಕಿಯನ್ನೂ ವೈದ್ಯರನ್ನೂ ಕಳುಹಿಸಿದ. ದೋಣಿ ಹೋದ ಹಾಗೆಯೇ ಹಿಂದೆ ಬಂತು. "ನಗಾರಿ ಮೊಳಗದೆ ಬಾಗಿಲು ತೆಗೆಯೋ ಹಾಗಿಲ್ಲ, ಬಾರಿಸೋಕೆ ಯಾರೂ ಮೇಲೆ ಹತ್ತೋದಿಲ್ಲ ಅಂತಿದಾರೆ" ಎಂದು ಅಂಬಿಗ ಹೇಳಿದ.

ಆ ದಿನಗಳಲ್ಲಿ ಮೂಡಲಕೋಟೆಯ ನಗಾರಿಯವನಿಗೆ ಏನೋ ಆಯಿತು. ತನ್ನ ಬಡಿತ ಮುಗಿಸಿ ಕೋಲು ಕೆಳಗಿಟ್ಟರೆ ಕಿವಿ ತಾನಾಗಿಯೇ ಆಚೆ ದಡಕ್ಕೆ ಹೋಗುತ್ತಿತ್ತು. ಅಲ್ಲಿಂದ ಏನೂ ಬರುತ್ತಿರಲಿಲ್ಲ. ಬೈಯಲು ಯಾರೂ ಇರಲಿಲ್ಲ. ಗಂಜಿ ಮುಂದಿಟ್ಟುಕೊಂಡು ಸುಮ್ಮನೆ ಕೂರುತ್ತಿದ್ದ. ನಲವತ್ತು ವರ್ಷ ಬೈದದ್ದು ಒಬ್ಬ ಗೆಳೆಯನನ್ನು ಎಂದು ಅವನಿಗೆ ಆಗ ತಿಳಿಯಿತು. ತಿಳಿದು ಅತ್ತ.

ಐದನೆಯ ದಿನ ಅವನು ಅರಸನ ಮುಂದೆ ಹೋಗಿ ಕೈಮುಗಿದು ನಿಂತ.

"ಮಹಾಸ್ವಾಮಿ, ನಾಳೆ ಬೆಳಿಗ್ಗೆ ನಮ್ಮ ಬಾಗಿಲ ಮೇಲೆ ಪಡುವಣಕೋಟೆ ಬಡಿತ ಬಾರಿಸಬೇಕು ಅಂತಿದೀನಿ."

ಸಭೆಗೆ ಸಭೆಯೇ ಎದ್ದು ನಿಂತಿತು. ಅರಸನ ಮುಖ ಕೆಂಪಾಯಿತು.

"ಯಾವುದನ್ನು ಬಾರಿಸಲಾರೆ ಎಂದು ನಿನ್ನ ಮುತ್ತಜ್ಜ ಕೈ ಕೊಟ್ಟನೋ ಅದನ್ನೇ ಬಾರಿಸುತ್ತೇನೆ ಎನ್ನುತ್ತೀಯಲ್ಲ, ನಿನಗೆ ನಾಚಿಕೆಯಾಗುವುದಿಲ್ಲವೇನೋ?"

"ಮುತ್ತಜ್ಜನಿಗೆ ಬಾರಿಸು ಅಂತ ಅಪ್ಪಣೆ ಆಗಿತ್ತು, ಮಹಾಸ್ವಾಮಿ. ನನಗೆ ಯಾರೂ ಅಪ್ಪಣೆ ಮಾಡಿಲ್ಲ."

ಅರಸ ಸಿಟ್ಟು ಬಿಟ್ಟ. "ಅದರಿಂದ ಅವರಿಗೆ ಏನಾಗುತ್ತದೆ?" ಎಂದು ಕೇಳಿದ.

"ನನಗೆ ಗೊತ್ತಿಲ್ಲ. ಅವರ ಬೆಳಗು ಅವರ ಕಿವಿಗೆ ಬೀಳಲಿ ಅಂತ, ಅಷ್ಟೇ."

"ಹಾಗಾದರೆ ನಾನೂ ಬಂದು ನಿನ್ನ ಪಕ್ಕ ನಿಲ್ಲುತ್ತೇನೆ" ಎಂದ ಅರಸ. "ಸೋತಿರೇನು ಎಂದು ಯಾರಾದರೂ ಕೇಳಿದರೆ ಉತ್ತರ ಕೊಡುವವನು ನಾನು. ಆ ಹೊರೆ ನಿನ್ನ ಮೇಲೆ ಬೇಡ."

ಮರುದಿನ ಬೆಳಗಾಯಿತು. ನಗಾರಿಯವನು ಕೋಲು ಎತ್ತಿದ. ಮುತ್ತಜ್ಜನನ್ನು ನೆನೆದು, "ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೋ" ಎಂದು ಪಡುವಣಕೋಟೆಯ ಬಡಿತ ಶುರುಮಾಡಿದ.

ಮೂಡಲಕೋಟೆಯ ಜನ ಹಾಸಿಗೆಯಿಂದ ಎದ್ದು ಓಡಿ ಬಂದರು. ಊರು ಹಗೆಯ ಕೈಗೆ ಹೋಯಿತೆಂದೇ ತಿಳಿದರು. ಹಳೆಯ ಯುದ್ಧದಲ್ಲಿ ಒಂದು ಕಣ್ಣು ಕಳೆದುಕೊಂಡ ಮುದುಕ ಸೈನಿಕನೊಬ್ಬ ಮೆಟ್ಟಿಲು ಹತ್ತಿ ಬಂದು, "ಯಾವಾಗ ಸೋತ್ವಿ, ದೊರೆ?" ಎಂದು ಕೇಳಿದ. "ಸೋತಿಲ್ಲ, ಅಜ್ಜ. ಸಾವಾದ ಮನೆಗೆ ಮಾತಾಡಿಸಲು ಬಂದಿದ್ದೇವೆ. ಬಾಗಿಲು ತಟ್ಟುತ್ತಿದ್ದೇವೆ" ಎಂದ ಅರಸ. ಮುದುಕ ಇದ್ದ ಒಂದು ಕಣ್ಣಲ್ಲಿ ಆಚೆ ದಡವನ್ನು ನೋಡಿದ. ನೋಡಿ, ಬೆನ್ನು ನೆಟ್ಟಗೆ ಮಾಡಿಕೊಂಡು ನಗಾರಿಯ ಪಕ್ಕ ನಿಂತ. ಅದನ್ನು ಕಂಡು ಉಳಿದವರೂ ನಿಂತರು.

ಆದರೆ ಕೇಳುವುದೇ ಬೇರೆ, ಬಾರಿಸುವುದೇ ಬೇರೆ. ಪಡುವಣಕೋಟೆಯ ಬಡಿತದಲ್ಲಿ ಐದು ಪೆಟ್ಟು ಆದ ಮೇಲೆ ಒಂದು ಉಸಿರು ನಿಲ್ಲಬೇಕು, ಆಮೇಲೆ ಆರನೆಯದು ಬೀಳಬೇಕು. ಮೂಡಲಕೋಟೆಯ ಬಡಿತದಲ್ಲಿ ಎಲ್ಲೂ ನಿಲ್ಲುವುದಿಲ್ಲ. ನಲವತ್ತು ವರ್ಷ ನಿಲ್ಲದೆ ಓಡಿದ ಕೈ ಇವತ್ತೂ ಓಡಿತು. ನಗಾರಿಯವನು ತಪ್ಪಿದ. ಮತ್ತೆ ಮೊದಲಿನಿಂದ ಬಾರಿಸಿದ, ಅಲ್ಲೇ ತಪ್ಪಿದ. ಮೂರನೆಯ ಸಲವೂ ಅಲ್ಲೇ. ಅವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮುತ್ತಜ್ಜನ ಮಾನವನ್ನು ಪಣಕ್ಕಿಟ್ಟು ಬಂದವನಿಗೆ ಆರು ಪೆಟ್ಟು ನೆಟ್ಟಗೆ ಬಾರಿಸಲು ಬರಲಿಲ್ಲವಲ್ಲ ಎಂದು ಕಣ್ಣು ತುಂಬಿತು. ಆದರೂ ಕೈ ನಿಲ್ಲಿಸಲಿಲ್ಲ.

ಆಚೆ ದಡದಲ್ಲಿ ಹೆಬ್ಬಾಗಿಲಿಗೆ ಅಂಟಿಕೊಂಡೇ ಒಂದು ಮನೆ. ಅದರಲ್ಲಿ ಸತ್ತ ನಗಾರಿಯವನ ತಾಯಿ ಐದು ದಿನದಿಂದ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಗಂಡ ಬೇಗ ತೀರಿಕೊಂಡಿದ್ದರಿಂದ ಮಗನಿಗೆ ಆ ಬಡಿತವನ್ನು ಮೊರದ ಬೆನ್ನಿನ ಮೇಲೆ ಬಾರಿಸಿ ಕಲಿಸಿದವಳು ಅವಳೇ. ಹೊಳೆಯಾಚೆಯಿಂದ ಬಂದ ಮೊದಲ ಬಡಿತಕ್ಕೆ ಅವಳು ಕಣ್ಣು ಬಿಟ್ಟಳು. ಎರಡನೆಯದಕ್ಕೆ ಎದ್ದು ಕೂತಳು. ಮೂರನೆಯದಕ್ಕೆ ಅವಳಿಂದ ತಡೆಯಲಾಗಲಿಲ್ಲ.

"ಯಾವನವ್ವ ಅವನು, ನಿಲ್ಲೋ ಕಡೆ ನಿಲ್ದೇ ಇರೋನು? ನನ್ ಮಗನ್ನ ಕೊಂದದ್ದು ಸಾಲ್ದು ಅಂತ ಅವನ ಬಡಿತಾನೂ ಕೊಲ್ತಾರಾ!"

ಸೆರಗು ಸೊಂಟಕ್ಕೆ ಸಿಕ್ಕಿಸಿ ಮೆಟ್ಟಿಲು ಹತ್ತಿದಳು. ಬೇಡಮ್ಮ, ಹೋಗಬೇಡಮ್ಮ ಎಂದು ಕಾವಲುಗಾರರು ಅಡ್ಡ ಬಂದರು. ಅವಳು ಅವರನ್ನು ದಾಟಿ ಹೋಗಿ, ಮಗ ಬಿದ್ದ ಜಾಗದಲ್ಲೇ ನಿಂತು ಕೋಲು ಎತ್ತಿಕೊಂಡಳು. ಐದು ಪೆಟ್ಟು. ಒಂದು ಉಸಿರು. ಆರನೆಯದು.

ಮೂಡಲಕೋಟೆಯ ನಗಾರಿಯವನ ಕೋಲು ಗಾಳಿಯಲ್ಲೇ ನಿಂತಿತು. ಅವನು ಕಿವಿಗೊಟ್ಟು ಕೇಳಿದ. ತನ್ನ ತಪ್ಪು ಎಲ್ಲಿತ್ತೆಂದು ಅವನಿಗೆ ಗೊತ್ತಾಯಿತು. ಮುಂದಿನ ಸುತ್ತಿಗೆ ಅವಳ ಜೊತೆ ಸೇರಿದ. ನಿಲ್ಲಬೇಕಾದಲ್ಲಿ ಅವಳ ಜೊತೆಯೇ ನಿಂತ. ಎರಡೂ ದಡದಿಂದ ಒಂದೇ ಬಡಿತ ಎದ್ದಿತು. ಹಾಗೆ ಬಾರಿಸುತ್ತಿರುವಾಗಲೇ ಪಡುವಣಕೋಟೆಯ ಹೆಬ್ಬಾಗಿಲು ಸದ್ದು ಮಾಡುತ್ತಾ ತೆರೆಯಿತು.

ಜನ ಹೊರಗೆ ಬಂದರು. ಮೊದಲು ಇಬ್ಬರು, ಆಮೇಲೆ ಹತ್ತು ಮಂದಿ, ಆಮೇಲೆ ಊರಿಗೆ ಊರೇ. ಹೊಳೆಯವರೆಗೆ ನಡೆದು ಬಂದು, ಆಚೆಯಿಂದ ತಮ್ಮತ್ತ ಕೈಮುಗಿದು ನಿಂತ ಹಗೆಗಳನ್ನು ಕಂಡರು. ತಾವೂ ಕೈಮುಗಿದರು. ಅಕ್ಕಿಯ ದೋಣಿ ಮತ್ತೆ ಹೊರಟಿತು, ಈ ಸಲ ಖಾಲಿಯಾಗಿ ಹಿಂದೆ ಬಂತು.

ಮೂಡಲಕೋಟೆಯವರು ಗೆದ್ದ ಯುದ್ಧಗಳು ಬೇಕಾದಷ್ಟಿವೆ. ಆದರೆ ಇವತ್ತಿಗೂ ಅವರು ಎದೆಯುಬ್ಬಿಸಿ ಮಕ್ಕಳಿಗೆ ಹೇಳುವುದು ಆ ಬೆಳಗಿನ ಮಾತನ್ನೇ. ಕೈ ಕೊಟ್ಟ ಮುತ್ತಜ್ಜನ ಹೆಸರಿನ ಪಕ್ಕದಲ್ಲೇ ಕೈ ಎತ್ತಿದ ಮರಿಮಗನ ಹೆಸರನ್ನೂ ಹೇಳುತ್ತಾರೆ.

ಕತೆ ಮುಗಿಯಿತು. ಶಿಷ್ಯನದು ಬಿಡದ ಬುದ್ಧಿ.

"ಎಲ್ಲ ಸರಿ, ಗುರುಗಳೇ. ಆದರೂ ಆ ನಗಾರಿಯವನು ತಪ್ಪಾಗಿಯೇ ಬಾರಿಸಿದನಲ್ಲವೇ?"

"ಹೌದಪ್ಪ, ಅವನು ತಪ್ಪಾಗಿ ಬಾರಿಸಿದ, ನೀನು ಒಂದು ತಪ್ಪೂ ಇಲ್ಲದೆ ಸುಮ್ಮನಿದ್ದೆ."