ದೇವಿಗೆ ಬಿಟ್ಟ ಟಗರು

ಈ ಕತೆಯನ್ನು ಮೊದಲು ಹೇಳಿದವಳು ನನ್ನ ಸೋದರತ್ತೆ ಕೆಂಪಾಜಮ್ಮ. ಅವಳ ಬಾಯಲ್ಲಿ ಎಲೆಯಡಿಕೆ ಇದ್ದುದರಿಂದ ಗುರುವಿನ ಹೆಸರು ಸರಿಯಾಗಿ ಕೇಳಿಸಲಿಲ್ಲ. ಶಿಷ್ಯನ ಪ್ರಶ್ನೆ ಮಾತ್ರ ಕೇಳಿಸಿತು.

"ಗುರುಗಳೇ, ನನಗೆ ಹಾಡೆಂದರೆ ಪ್ರಾಣ. ಅದನ್ನೇ ದೇವರಿಗೆ ಬಿಟ್ಟೆ. ವರ್ಷವಾಯಿತು, ಒಂದು ಸಾಲೂ ಹಾಡಿಲ್ಲ. ಆದರೂ ಮನಸ್ಸು ಯಾಕೆ ಹಗುರಾಗಿಲ್ಲ?"

ಗುರು ಹೇಳಿದರು:

ಬನ್ನೂರು ಸೀಮೆಯಲ್ಲಿ ಒಬ್ಬ ರೈತ ಹೆಂಗಸಿದ್ದಳು. ಆ ಊರಲ್ಲಿ ಮನೆಗೆ ಎರಡೋ ಮೂರೋ ಕುರಿ. ಗಿಡ್ಡ ಕಾಲು, ಹಲಗೆಯಂಥ ಬೆನ್ನು, ಬದುವಿನ ಹುಲ್ಲಿಗೇ ಮೈ ತುಂಬಿಕೊಳ್ಳುವ ಹಳೆಯ ತಳಿ. ಆದರೆ ಊರಿನವರ ಭಕ್ತಿ ದೊಡ್ಡದು. "ಅಮ್ಮನಿಗೆ ಬಡಕಲು ಕೊಡೋಕಾಗುತ್ತಾ?" ಎಂದು ಪ್ರತಿ ವರ್ಷ ಇದ್ದುದರಲ್ಲೇ ಒಳ್ಳೆಯ ಟಗರನ್ನು ಆರಿಸಿ ಮಾರಿಗೆ ಬಲಿ ಕೊಡುತ್ತಿದ್ದರು. ಮರಿ ಮಾಡಲು ಉಳಿಯುತ್ತಿದ್ದವು ಬಡಕಲು ಟಗರುಗಳೇ. ವರ್ಷ ವರ್ಷಕ್ಕೂ ಮರಿಗಳು ಸೊರಗಿದವು. ಕೊನೆಗೆ ಹಳೆಯ ಲಕ್ಷಣದ ಟಗರು ಉಳಿದದ್ದು ಅವಳ ಕೊಟ್ಟಿಗೆಯಲ್ಲಿ ಮಾತ್ರ.

ಅದಕ್ಕೂ ಗಳಿಗೆ ಬಂತು. ಮಗಳಿಗೆ ಹೆರಿಗೆ ಕಷ್ಟವಾದಾಗ ಅವಳು, "ತಾಯಿ, ಎರಡು ಜೀವ ಉಳಿಸು, ಟಗರನ್ನು ನಿನಗೆ ಬಿಡುತ್ತೇನೆ" ಎಂದು ಹರಕೆ ಹೊತ್ತಳು. ಎರಡು ಜೀವವೂ ಉಳಿದವು. ಟಗರನ್ನು ಕಡಿಸಿದರೆ ತಳಿ ಹೋಗುತ್ತದೆ. ಹರಕೆ ತಪ್ಪಿದರೆ ತೊಟ್ಟಿಲ ಕೂಸಿಗೆ ಏನಾದೀತೋ. ಹಬ್ಬದವರೆಗೂ ಅವಳಿಗೆ ತುತ್ತು ಇಳಿಯಲಿಲ್ಲ.

ಹಬ್ಬದ ದಿನ ಟಗರಿಗೆ ಅರಿಶಿನ ಹಚ್ಚಿ, ಹಾರ ಹಾಕಿ, ಗುಡಿಯ ಮುಂದೆ ತಂದಳು. ಹಗ್ಗ ಬಿಚ್ಚಿದಳು. ಟಗರು ಓಡಿಹೋಯಿತು.

ಪೂಜಾರಿ ಕೂಗಿದ: "ಏನಕ್ಕ, ಅಮ್ಮನಿಗೇ ಟೋಪಿ ಹಾಕ್ತೀಯಾ?"

"ಬಿಡ್ತೀನಿ ಅಂದಿದ್ದೆ ಕಣಣ್ಣ, ಬಿಟ್ಟೆ. ಕಡಿಸ್ತೀನಿ ಅಂದಿದ್ನಾ? ದೇವರಿಗೆ ಬಸವನ್ನ ಬಿಡಲ್ವಾ ನಾವು? ಇದೂ ಹಂಗೇ."

"ಮತ್ತೆ ಮಧ್ಯಾಹ್ನದ ಸಾರು?"

"ಅವರೆಕಾಳು ಹಾಕ್ಕೋ."

ದೇವಿಯ ಟಗರನ್ನು ಕಟ್ಟುವಂತಿಲ್ಲ, ಹೊಡೆಯುವಂತಿಲ್ಲ. ಅದು ಹಿತ್ತಿಲು ಹಿತ್ತಿಲು ಸುತ್ತಿತು. ಕಂಡವರ ಹುರುಳಿ ತಿಂದಿತು. ಯಾವ ಮನೆಯ ಕುರಿಯನ್ನೂ ಬೇರೆಯದೆಂದು ಬಗೆಯಲಿಲ್ಲ. ಅವಳು ದಿನಾ ಕೂಸಿನ ಹಣೆ ಮುಟ್ಟಿ ನೋಡುತ್ತಿದ್ದಳು. ಕೂಸು ನಗುತ್ತಿತ್ತು.

ಕುರಿಗಳು ಈಯುವ ಕಾಲಕ್ಕೆ ಊರ ತುಂಬ ಗಿಡ್ಡ ಕಾಲಿನ, ಅಗಲ ಬೆನ್ನಿನ ಮರಿಗಳು. ಪೂಜಾರಿಯ ಕುರಿ ಅವಳಿ ಈದಿತ್ತು. ಅವನೇ ಅವಳ ಬಾಗಿಲಿಗೆ ಬಂದು, "ಅಮ್ಮನಿಗೆ ಸಿಟ್ಟು ಬಂದಂಗೆ ಕಾಣಲಿಲ್ಲ ಕಣಕ್ಕ" ಎಂದ. ಅಂದಿನಿಂದ ಆ ಊರಲ್ಲಿ ಒಳ್ಳೆಯ ಟಗರನ್ನು ದೇವಿಗೆ ಬಿಡುತ್ತಾರೆ. ಸಾರಿಗೆ ಬೇರೆಯದು.

ಇಷ್ಟು ಹೇಳಿ ಗುರು ಕೇಳಿದರು: "ನೀನು ಹಾಡನ್ನು ದೇವರಿಗೆ ಬಿಟ್ಟೆಯೋ, ಕಡಿದೆಯೋ?"



ಹರಕೆ ಹೊತ್ತವರು ಯಾರಾದರೂ ಸಿಕ್ಕರೆ ಇದನ್ನು ಅವರಿಗೂ ಹೇಳಿ, ಹಬ್ಬಕ್ಕೆ ಮೊದಲೇ.