ಕೇತರಸನ ವ್ರತ ಮತ್ತು ಮಡಿವಾಳ ಮಾಚ

"ಅರಸರ ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದನ್ನು ಕೊಡಲಾಗುವುದು. ತಪ್ಪಿದವರ ತಲೆ ಉಳಿಯದು." ಕಣಗಿಲೆ ರಾಜ್ಯದಲ್ಲಿ ಹೀಗೆಂದು ಡಂಗುರ ಹೊಡೆಸಿದರು.

ಅರಸ ಕೇತರಸನಿಗೆ ಇಪ್ಪತ್ತೆಂಟು ವರ್ಷ. ತಂದೆ ತೀರಿಕೊಂಡ ಮೇಲೆ ಒಂದು ವರ್ಷ ಬ್ರಹ್ಮಚರ್ಯದ ವ್ರತ ಹಿಡಿದಿದ್ದ. ಮೂರು ತಿಂಗಳಿಂದ ಅನ್ನ ಸೇರದೆ ಸೊರಗುತ್ತಿದ್ದ. ಕಾರಣ ಯಾರಿಗೂ ಗೊತ್ತಿರಲಿಲ್ಲ.

ಮೊದಲು ಒಬ್ಬ ಸನ್ಯಾಸಿ ಬಂದ. "ಕದ ಹಾಕಿದ ಮನೆಯಿಂದ, ಒಡೆಯ ಮಲಗಿದ್ದಾಗ, ತಾನಾಗಿ ಹೊರಡುವುದು ಏನು?" ಎಂದು ಅರಸ ಕೇಳಿದ.

"ಪ್ರಾಣ" ಎಂದ ಸನ್ಯಾಸಿ. ಅರಸನ ತುಟಿ ಬಿಳಿಚಿಕೊಂಡಿತು. ಸನ್ಯಾಸಿಯನ್ನು ಸೆರೆಗೆ ಎಳೆದೊಯ್ದರು.

ವೈದ್ಯ ಬೊಮ್ಮಣ್ಣ "ಉಸಿರು" ಎಂದ. ಅವನೂ ಸೆರೆ ಸೇರಿದ. ಮರುದಿನವೇ ಇಬ್ಬರ ತಲೆ ಕಡಿಯುವುದೆಂದು ಗೊತ್ತಾಯಿತು.

ಮಡಿವಾಳ ಮಾಚನ ತಾಯಿಯನ್ನು ಬದುಕಿಸಿದವನು ಆ ಬೊಮ್ಮಣ್ಣ. ಸುದ್ದಿ ಕೇಳಿ ಮಾಚ ಒದ್ದೆ ಕೈಯಲ್ಲೇ ಅರಮನೆಗೆ ನಡೆದ. ಬಾಗಿಲಲ್ಲಿ ಕೊಡಲಿ ಹಿಡಿದು ನಿಂತವನನ್ನು ದಾಟಿ ಒಳಗೆ ಹೋದ.

ಅರಸ ಅದೇ ಒಗಟು ಕೇಳಿದಾಗ ಮಾಚ ತಲೆ ತಗ್ಗಿಸಿದ. "ಧಾತು, ಪ್ರಭು. ಗಂಡಸಿಗೆ ನಿದ್ದೆಯಲ್ಲಿ ತಾನಾಗಿ ಹೋಗುವಂಥದ್ದು."

ಅರಸ ಸಿಂಹಾಸನದ ಕೈ ಹಿಡಿದುಕೊಂಡ. "ಹೋದರೂ ಬರಿದಾಗದ, ಕೂಡಿಟ್ಟರೂ ಬೆಳೆಯದ ಸೊತ್ತು?"

"ಅದೂ ಅದೇ. ಬಾಯಲ್ಲಿ ಎಂಜಲು ಊರಿದ ಹಾಗೆ ಮೈ ಅದನ್ನು ಮಾಡುತ್ತಲೇ ಇರುತ್ತದೆ. ಮಿಕ್ಕಿದ್ದು ಮೈಯಲ್ಲೇ ಕರಗುತ್ತದೆ, ಇಲ್ಲವೆ ನಿದ್ದೆಯಲ್ಲಿ ಹೋಗುತ್ತದೆ. ಹೋದರೆ ಬಲ ಕುಗ್ಗದು, ಹೋಗದಿದ್ದರೂ ಕೆಡುಕಿಲ್ಲ."

"ಹಲ್ಲಿಲ್ಲದೆ ನನ್ನನ್ನು ತಿನ್ನುತ್ತಿರುವುದು?" ಅರಸನ ದನಿ ಒಡೆಯಿತು.

"ಭಯ, ಪ್ರಭು. ಬೇರೇನೂ ಅಲ್ಲ."

"ಹನಿ ಹನಿಗೂ ಆಯಸ್ಸು ಹೋಗುತ್ತದೆ ಎಂದು ಗುರುಗಳು ಹೇಳಿದ್ದರು. ನನಗೆ ನಿದ್ದೆಯಲ್ಲಿ ಹೋದಾಗ ವ್ರತ ಮುರಿಯಿತು, ಸಾಯುತ್ತೇನೆ ಎಂದುಕೊಂಡೆ. ನಿನಗೆ ಇದೆಲ್ಲ ಹೇಗೆ ಗೊತ್ತು?"

"ಊರವರ ಪಂಚೆ ಒಗೆಯುವವನು ನಾನು. ಪೈಲ್ವಾನರದ್ದೂ ಒಗೆದಿದ್ದೇನೆ, ಮಠದವರದ್ದೂ ಒಗೆದಿದ್ದೇನೆ. ಕಲೆ ಎಲ್ಲರದ್ದೂ ಒಂದೇ. ಯಾರೂ ಅದರಿಂದ ಸತ್ತಿಲ್ಲ. ನಿದ್ದೆಯಲ್ಲಾದದ್ದು ಮೈಯ ಕೆಲಸ. ವ್ರತ ಮನಸ್ಸಿನದ್ದು, ಅದು ಮುರಿದಿಲ್ಲ."

ಅರಸ ಮುದಿ ಮಂತ್ರಿಯ ಮುಖ ನೋಡಿದ. ಮಂತ್ರಿ "ನನಗೂ ಆಗುತ್ತಿತ್ತು, ಪ್ರಭು. ಹೇಳಲು ಹೆದರಿದ್ದೆ" ಎಂದ. ಅವನ ಹಿಂದೆ ದಳವಾಯಿಯೂ ತಲೆಯಾಡಿಸಿದ.

ಮಾಚ ಸೆರೆಯಲ್ಲಿದ್ದ ಇಬ್ಬರ ಬಿಡುಗಡೆ ಕೇಳಿದ. ಅರಸ ಅದನ್ನೂ ಕೊಟ್ಟ, ಕೆರೆಯ ಪಕ್ಕ ಎರಡು ಗದ್ದೆಯನ್ನೂ ಕೊಟ್ಟ. ಆ ಮಧ್ಯಾಹ್ನ ಕೇತರಸ ಊಟಕ್ಕೆ ಕುಳಿತು ಎರಡನೆಯ ಸಲವೂ ಅನ್ನ ಬಡಿಸಿಕೊಂಡ.