ಬಿಚ್ಚದ ಹೊಲಿಗೆ

ಭೀಮಾ ನದಿಯ ದಂಡೆಯಲ್ಲಿ, ಹಳೆಯ ಬೌದ್ಧ ಸ್ತೂಪದ ದಿಬ್ಬಕ್ಕೆ ಬೆನ್ನು ಕೊಟ್ಟು, ಜಾಲಿಮುಳ್ಳಿನ ಬೇಲಿಯೊಳಗೆ ಒಂದು ಹುಲ್ಲಿನ ಗುಡಿಸಲಿತ್ತು. ಅದರಲ್ಲಿ ವಾಸವಾಗಿದ್ದವರು ಜಪಾನ್ ದೇಶದಿಂದ ಬಂದ ಪೂಜ್ಯ ಎನ್ಶಿನ್ ಭಿಕ್ಷುಗಳು. ಆ ಹೆಸರಿಗೆ ನಾಲಿಗೆ ಹೊರಳದ ಕಾರಣ ಪಕ್ಕದ ಬೆಣಚಿನಹಾಳ ಊರಿನ ಮಂದಿ ಅವರನ್ನು ಜಪಾನಜ್ಜನವರು ಎಂದೇ ಕರೆಯುತ್ತಿದ್ದರು. ಅವರು ಧ್ಯಾನಕ್ಕೆ ಕೂತರೆಂದರೆ ಹೊಳೆಯ ಮೊಸಳೆಗಳು ದಂಡೆಗೆ ಬಂದು ಬಾಯಿ ಮುಚ್ಚಿಕೊಂಡು ಮಲಗುತ್ತಿದ್ದವು. ನಂಬದವರು ಹೋಗಿ ಮೊಸಳೆಗಳನ್ನೇ ಕೇಳಲಿ! ಅವರ ಆಸ್ತಿಯೆಂದರೆ ಅಂಚು ಒಡೆದ ಒಂದು ಮಣ್ಣಿನ ಬಟ್ಟಲು, ಮತ್ತೆ ಊರವರು ಬಿಸಾಡಿದ ಅರಿವೆಗಳನ್ನು ತುಂಡು ತುಂಡಾಗಿ ಕೂಡಿಸಿ ಹೊಲಿದ ಒಂದು ವಸ್ತ್ರ. ಊರ ಗೌಡರು ಬೆಳ್ಳಿಯ ಬಟ್ಟಲು ತಂದು ಮುಂದಿಟ್ಟಾಗ, "ಇದಕ್ಕ ನನ್ನ ತುಟಿ ಗೊತ್ತದ" ಎಂದು ಒಡಕು ಬಟ್ಟಲನ್ನೇ ಎತ್ತಿ ಅಂಬಲಿ ಕುಡಿದ ಮಹಾನುಭಾವರು ಅವರು.

ಆ ಊರಲ್ಲಿ ಏಕನಾಥ ಸಿಂಪಿ ಎಂಬ ಟೇಲರ್ ಇದ್ದ. ಅವನು ಇಸ್ತ್ರಿ ಹೊಡೆದ ಪ್ಯಾಂಟಿನ ಗೆರೆಯಿಂದ ಕಲ್ಲಂಗಡಿ ಕೊಯ್ಯಬಹುದಿತ್ತು. ಅವನ ಹೊಲಿಗೆಯ ಸಾಲಿನ ಮೇಲೆ ಇರುವೆಯನ್ನು ಬಿಟ್ಟರೆ ಅದು ಕಣ್ಣು ಮುಚ್ಚಿಕೊಂಡೇ ಕಲಬುರಗಿ ಮುಟ್ಟುತ್ತಿತ್ತು. ಅಂಥವನಿಗೆ ಲಕ್ವಾ ಹೊಡೆಯಿತು. ಜೀವ ಉಳಿಯಿತು, ಬಲಗೈ ಮಾತ್ರ ಗಾಳಿಗೆ ಸಿಕ್ಕ ಆಲದೆಲೆಯಂತೆ ನಡುಗತೊಡಗಿತು.

ಅದೇ ಹೊತ್ತಿಗೆ ಮಗಳು ಸುಂದ್ರಾಬಾಯಿ ಹೆಣ್ಣು ಕೂಸು ಹಡೆದಳು. ಚೊಚ್ಚಲ ಕೂಸನ್ನು ತೊಟ್ಟಿಲಿಗೆ ಹಾಕುವಾಗ ತವರಿನ ಹಳೇ ಸೀರೆಗಳಿಂದ ಕೈಯಲ್ಲಿ ಹೊಲಿದ ಕೌದಿ ಹಾಸುವುದು ಅಲ್ಲಿಯ ಪದ್ಧತಿ. ಹೊಲಿಯಬೇಕಾದ ತಾಯಿ ತೀರಿಹೋಗಿದ್ದಳು. ಉಳಿದದ್ದು ಅವಳ ಸವೆದ ಸೀರೆಗಳು.

"ಅಂಗಡಿ ರಗ್ಗ ತಂದ್ರ ಕೂಸಿಗಿ ತೊಟ್ಟಿಲದಾಗ ಹಾಕಂಗಿಲ್ಲ ನೋಡಪ್ಪಾ. ಅವ್ವನ ಸೀರಿ ಬೇಕು, ನಿನ್ನ ಕೈ ಬೇಕು" ಎಂದುಬಿಟ್ಟಳು ಮಗಳು.

ಓಣಿಯ ಹೆಂಗಸರು ತಾವು ಹೊಲಿದುಕೊಡುತ್ತೇವೆಂದರು. ಟೇಲರ್ ಮನೆಯ ಕೌದಿಗೆ ಪರರ ಸೂಜಿಯೇ? ಏಕನಾಥ ಒಪ್ಪಲಿಲ್ಲ. ತಾನೇ ಕೂತ. ಹೊಲಿದದ್ದು ಡೊಂಕಾಯಿತು, ಬಿಚ್ಚಿದ. ಮತ್ತೆ ಹೊಲಿದ, ಮತ್ತೆ ಬಿಚ್ಚಿದ. ಹೆಂಡತಿ ಉಟ್ಟು ಉಟ್ಟು ಹೂವಿನಷ್ಟು ಮೆತ್ತಗಾಗಿದ್ದ ಸೀರೆಗಳವು. ಹೊಲಿಗೆ ಕಿತ್ತಲ್ಲೆಲ್ಲ ಜರಡಿಯಾಗುತ್ತ ಬಂದವು. ತೊಟ್ಟಿಲ ದಿನ ಎದುರಿಗೆ ಬಂದು ನಿಂತಾಗ ಅವನಿಗೆ ತಿಳಿಯಿತು: ಇನ್ನೊಮ್ಮೆ ಬಿಚ್ಚಿದರೆ ಹೊಲಿಯಲು ಅರಿವೆಯೇ ಉಳಿಯುವುದಿಲ್ಲ.

ಸೀರೆ, ಸೂಜಿ, ಕತ್ತರಿಯ ಗಂಟನ್ನು ಕಂಕುಳಲ್ಲಿ ಇರುಕಿಕೊಂಡು ಭಿಕ್ಷುಗಳ ಗುಡಿಸಲಿಗೆ ಬಂದ. ಭಕ್ತಿಯಿಂದ ಬಂದವನಲ್ಲ, ಸಿಟ್ಟಿನಿಂದ ಬಂದವನು.

"ಮೊಸಳಿ ಬಾಯಿ ಮುಚ್ಚಸ್ತೀರಂತಲ್ರಿ ಅಜ್ಜಾರ. ನನ್ನ ಕೈ ನಿಂದರಸ್ರಿ, ನೋಡೇಬಿಡಮು."

ಭಿಕ್ಷುಗಳು ಆ ಕೈಯನ್ನು ನೋಡಿದರು, ಗಂಟಿನೊಳಗಿನ ಸೀರೆಯನ್ನೂ ನೋಡಿದರು. ಬೇಲಿಯ ಮುಳ್ಳಿಗೆ ಸಿಕ್ಕಿ ಹೆಗಲ ಬಳಿ ಹರಿದಿದ್ದ ತಮ್ಮ ವಸ್ತ್ರವನ್ನು ತೆಗೆದು ಅವನ ತೊಡೆಯ ಮೇಲಿಟ್ಟರು.

"ಹೊಲಿ."

"ಕೆಡ್ತದ್ರಿ."

"ಕೆಡಲಿ."

ಏಕನಾಥ ಬೆವರಿಳಿಸುತ್ತ ಹೊಲಿದ. ಮುಗಿದ ಮೇಲೆ ನೋಡಿ ನಾಚಿ, ಕತ್ತರಿಗೆ ಕೈ ಹಾಕಿದ. ಭಿಕ್ಷುಗಳು ಅವನ ಮಣಿಕಟ್ಟು ಹಿಡಿದರು. ಆಮೇಲೆ ವಸ್ತ್ರದ ತೇಪೆಗಳ ಮೇಲೆ ಒಂದೊಂದಾಗಿ ಬೆರಳಿಡುತ್ತ ಹೋದರು.

"ಇದು ಕುಂಬಾರ ಮುದುಕಿ, ಕಣ್ಣ ಕಾಣ್ತಿದ್ದಿಲ್ಲ. ಇದು ದನಾ ಕಾಯೋ ಬಸಲಿಂಗ, ಅವಸರ ಇತ್ತು. ಇದು ನಾ, ಜ್ವರ ಬಂದಾಗ. ಇದು ಏಕನಾಥ, ಇವತ್ತು. ಇದರಾಗ ಯಾರನ್ನ ಬಿಚ್ಚಲಿ?"

ಭಿಕ್ಷುಗಳು ವಸ್ತ್ರ ಹೊದ್ದು, ಬಟ್ಟಲು ಹಿಡಿದು ಊರೊಳಗೆ ಭಿಕ್ಷೆಗೆ ಹೊರಟರು. ಏಕನಾಥನೂ ಕದ್ದುಕದ್ದು ಹಿಂದೆ ನಡೆದ. ತನ್ನ ಡೊಂಕು ಹೊಲಿಗೆ ಊರ ಕಣ್ಣೆದುರು ಮೆರವಣಿಗೆ ಹೊರಟಂತಿತ್ತು.

ಖಾರದ ಗಿರಣಿಯ ಗುರುಬಸಮ್ಮ ರೊಟ್ಟಿ ನೀಡುತ್ತ ನಕ್ಕಳು. "ಏನ್ರಿ ಅಜ್ಜಾರ, ಹೆಗಲ ಮ್ಯಾಲ ಕೋಳಿ ಕೆದರ್ಯಾವೇನು?"

ಏಕನಾಥ ಬೇವಿನ ಮರದ ಮರೆಗೆ ಸರಿದ. ಭಿಕ್ಷುಗಳೋ, ಆಕೆಗೆ ಚೆನ್ನಾಗಿ ಕಾಣಲೆಂದು ಹೆಗಲನ್ನು ಬಿಸಿಲಿಗೆ ತಿರುಗಿಸಿದರು. "ಏಕನಾಥ ಮಾಸ್ತರ ಹೊಲದಾರ. ಚಂದ ಅದ."

ಮುಂದಿನ ಮನೆಯಲ್ಲೂ ಹಾಗೆಯೇ ತೋರಿಸಿದರು. ಅದರ ಮುಂದಿನದರಲ್ಲೂ. ಮುಖದಲ್ಲಿ ಕುಚೋದ್ಯವಿಲ್ಲ, ಕನಿಕರವಿಲ್ಲ. ಹೊಸ ಅಂಗಿ ತೊಟ್ಟ ಕೂಸಿನ ಸಂತೋಷ. ಊರ ಅಗಸಿ ಬಾಗಿಲ ಹತ್ತಿರದ ಕಡೆಯ ಮನೆಗೆ ಬರುವಷ್ಟರಲ್ಲಿ ಏಕನಾಥ ಮರೆಯಿಂದ ಹೊರಗೆ ಬಂದಿದ್ದ. ಯಾರೂ ಕೇಳುವ ಮೊದಲೇ ಗಂಟಲು ಸರಿಮಾಡಿಕೊಂಡು, "ನಾನೇ ಹೊಲದೀನಿ" ಎಂದ.

ಮನೆಗೆ ಹೋದವನು ಕತ್ತರಿಯನ್ನು ಗೋಡೆಯ ಮಾಡದಲ್ಲಿಟ್ಟು ಕೌದಿಗೆ ಕೂತ. ಸೀರೆಯಲ್ಲಿ ಆಗಿದ್ದ ತೂತುಗಳನ್ನು ಮುಚ್ಚಿಡಲಿಲ್ಲ, ಅವುಗಳ ಸುತ್ತಲೇ ಹೊಲಿದ. ಕೊನೆಗೆ ನಡುವೆ ಸಣ್ಣ ಬಾಯಿ ಬಿಟ್ಟು, ಕೌದಿ ಹಸಿದಿರಬಾರದೆಂದು ಪದ್ಧತಿಯಂತೆ ಅದರ ಹೊಟ್ಟೆಗೆ ರೊಟ್ಟಿಯ ಚೂರು ಇಟ್ಟು ಮುಚ್ಚಿದ.

ತೊಟ್ಟಿಲ ದಿನ ಬೀಗತಿ ಕೌದಿಯನ್ನು ಬಿಡಿಸಿ ನೋಡಿ ಹುಬ್ಬೇರಿಸಿದಳು. "ಅಯ್ಯ, ಏನ್ರಿ ಬೀಗರ, ಕುಡದು ಹೊಲದೀರೇನ?"

"ಇಲ್ರೆವ್ವಾ, ಪೂರಾ ಎಚ್ಚರಿದ್ದು ಹೊಲದೀನಿ" ಎಂದ ಏಕನಾಥ. ಮನೆಯೆಲ್ಲ ನಕ್ಕಿತು, ಎಲ್ಲರಿಗಿಂತ ಗಟ್ಟಿಯಾಗಿ ಅವನೇ ನಕ್ಕ.

ಕೂಸನ್ನು ಮಲಗಿಸಿದರು. ಅದು ಕೈ ಆಡಿಸುತ್ತ ಆಡಿಸುತ್ತ, ಸಡಿಲಾಗಿ ಬಿದ್ದಿದ್ದ ಒಂದು ಹೊಲಿಗೆಯೊಳಗೆ ಬೆರಳು ತೂರಿಸಿ ಬಿಗಿಯಾಗಿ ಹಿಡಿದುಕೊಂಡಿತು. ಸುಂದ್ರಾಬಾಯಿ ಬಿಡಿಸಲು ಬಾಗಿದಳು.

"ಇರಲಿ ಬಿಡವ್ವ, ಹಿಡಕೊಳ್ಳಲಿ" ಎಂದ ಏಕನಾಥ, ನಡುಗುವ ಕೈಯಿಂದಲೇ ತೊಟ್ಟಿಲು ತೂಗಿದ.